ಕೊನೆಯ ಸೀರೆ ಯಾವ ಸರ್ವರ್‌ನಲ್ಲಿದೆ?

2014ರ ಅಕ್ಟೋಬರ್ 6, ಸೋಮವಾರ. ದಸರೆ ಆಗಷ್ಟೇ ಮುಗಿದಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ಮಾರಾಟ ತೆರೆಯಿತು. ಹತ್ತು ಗಂಟೆಯೊಳಗೆ ಹತ್ತು ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 600 ಕೋಟಿ ರೂಪಾಯಿಯ ವಹಿವಾಟು ಆಯಿತು. ಆದರೂ ಮರುದಿನ ಕಂಪನಿಯ ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಬರೆದದ್ದು ಕ್ಷಮಾಪಣೆಯ ಪತ್ರ. ಸುಮಾರು 5000 ಸರ್ವರ್‌ಗಳನ್ನು ಹೂಡಿದ್ದೆವು, ಮಾಮೂಲಿ ದಿನದ 20 ಪಟ್ಟು ಜನ ಬಂದರೂ ತಡೆಯುವಂತೆ ಸಜ್ಜಾಗಿದ್ದೆವು, ಬಂದವರು ಅದಕ್ಕೂ ಹೆಚ್ಚು ಎಂದು ಅವರು ಒಪ್ಪಿಕೊಂಡರು. ಪುಟ ತೆರೆಯದಿದ್ದದ್ದು, ದರ ಏರುಪೇರಾದದ್ದು, ಸರಕು ನಿಮಿಷಗಳಲ್ಲಿ ಮುಗಿದದ್ದು ಎಲ್ಲವನ್ನೂ ಆ ಪತ್ರ ಹೇಳಿತು.

ಆ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಕೆಲವೇ ಸೆಕೆಂಡುಗಳ ಹಿಂದೆ ಖಾಲಿಯಾಗಿದ್ದ ಸಾಮಾನಿಗೂ ಆರ್ಡರ್ ಬಿದ್ದಿತ್ತು. ಇದ್ದದ್ದಕ್ಕಿಂತ ಹೆಚ್ಚು ಮಾರಿದ್ದರು. ಆಮೇಲೆ ಆ ಆರ್ಡರುಗಳನ್ನು ರದ್ದು ಮಾಡಬೇಕಾಯಿತು. ಪುಟ ತೆರೆಯದಿದ್ದರೆ ಇನ್ನಷ್ಟು ಯಂತ್ರ ತಂದು ಸರಿಮಾಡಬಹುದು. ಮುಗಿದ ಸಾಮಾನನ್ನು ಇದೆ ಎಂದು ತೋರಿಸುವ ತೊಂದರೆ ಯಂತ್ರ ಹೆಚ್ಚಾದಷ್ಟೂ ಹೆಚ್ಚುತ್ತದೆ. ಅಂಗಡಿಯೊಂದನ್ನು ಸಾವಿರಾರು ಸರ್ವರ್‌ಗಳಿಗೆ ಹಂಚುವ ವಿದ್ಯೆಯ ಗುಟ್ಟು ಇಲ್ಲೇ ಇದೆ. ಯಾವ ಲೆಕ್ಕ ಸ್ವಲ್ಪ ಹಳತಾದರೂ ನಡೆದೀತು, ಯಾವ ಲೆಕ್ಕ ಒಂದು ಕ್ಷಣವೂ ಹಳತಾಗಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡವರು ಮಾತ್ರ ಹಂಚಿ ಗೆಲ್ಲುತ್ತಾರೆ. ಆ ತೀರ್ಮಾನ ತಪ್ಪಿದರೆ ಪೆಟ್ಟು ಮೊದಲು ಬೀಳುವುದು ದೂರದ ಊರಿನವರ ಮೇಲೆ, ಸಿಗ್ನಲ್ ಮಸುಕಾದ ಜಾಗದಲ್ಲಿ ನಿಂತು ಫೋನ್ ಒತ್ತುವವರ ಮೇಲೆ.

ಅಂಥ ಒಂದು ಊರೆಂದು ಮಟಮಾರಿಯನ್ನೇ ತೆಗೆದುಕೊಳ್ಳೋಣ. ರಾಯಚೂರು ತಾಲ್ಲೂಕಿನ ಈ ಊರು ರಾಯಚೂರಿಗೂ ಮಂತ್ರಾಲಯಂ ರೋಡ್ ನಿಲ್ದಾಣಕ್ಕೂ ನಡುವೆ, ಮುಂಬೈ–ಚೆನ್ನೈ ರೈಲು ಹಾದಿಯ ಮೇಲಿದೆ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಇಂದು ಸಮುದ್ರದಾಳದ ಇಂಟರ್ನೆಟ್ ಕೇಬಲ್‌ಗಳು ಭಾರತದ ದಡ ಮುಟ್ಟುವ ಮುಖ್ಯ ತಾಣಗಳೂ ಮುಂಬೈ ಮತ್ತು ಚೆನ್ನೈಗಳೇ. ದೇಶದ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಬಹುಪಾಲು ಈ ಎರಡು ಊರುಗಳ ಸುತ್ತ ಎದ್ದಿವೆ. ಫ್ಲಿಪ್‌ಕಾರ್ಟ್ ಕೂಡ ಸ್ವಂತ ಡೇಟಾ ಸೆಂಟರನ್ನು ಮೊದಲು ಚೆನ್ನೈಯಲ್ಲಿ, ಆಮೇಲೆ ಹೈದರಾಬಾದಿನಲ್ಲಿ ಕಟ್ಟಿಕೊಂಡಿತು. ಅಮೆಜಾನ್ ತನ್ನ ಕ್ಲೌಡ್ ಸೇವೆಯ ಮುಂಬೈ ವಲಯವನ್ನು 2016ರಲ್ಲಿ, ಹೈದರಾಬಾದ್ ವಲಯವನ್ನು 2022ರಲ್ಲಿ ತೆರೆಯಿತು. ರಾಯಚೂರಿನವರಿಗೆ ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆಸ್ಪತ್ರೆಗೆ, ಸಂತೆಗೆ, ಮದುವೆಯ ಜವಳಿಗೆ ಹಿಂದಿನಿಂದಲೂ ಅತ್ತ ಹೋಗುವ ರೂಢಿ ಇದೆ. ಈಗ ಫೋನಿನಿಂದ ಹೊರಡುವ ಬೇಡಿಕೆಯೂ ಎಷ್ಟೋ ಸಲ ಅತ್ತಲೇ ಹೋಗುತ್ತದೆ.

ಮಟಮಾರಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಇಳಕಲ್ ಸೀರೆ ಹುಡುಕುತ್ತಾಳೆ ಎಂದುಕೊಳ್ಳಿ. ಅಂಗಡಿಯ ಹೆಸರು ಒತ್ತಿದ ಕೂಡಲೇ ಫೋನು ಕೇಳುವ ಮೊದಲ ಪ್ರಶ್ನೆ ಈ ಅಂಗಡಿಯ ವಿಳಾಸ ಯಾವುದು ಎಂಬುದು. ಇಂಟರ್ನೆಟ್ಟಿನ ಹೆಸರು ಪಟ್ಟಿ, ಅಂದರೆ ಡಿಎನ್‌ಎಸ್, ಒಂದೇ ಉತ್ತರವನ್ನು ಎಲ್ಲರಿಗೂ ಕೊಡಬೇಕೆಂದಿಲ್ಲ. ಕೇಳಿದವರು ಎಲ್ಲಿದ್ದಾರೆ ಎಂದು ನೋಡಿ ಹತ್ತಿರದ ಯಂತ್ರದ ವಿಳಾಸ ಕೊಡಬಹುದು. ಫೈಬರ್ ತಂತಿಯೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಹೈದರಾಬಾದಿಗೆ ಹೋಗಿಬರಲು ಬೆಳಕಿಗೆ ಬೇಕಾದ್ದು ಎರಡೇ ಮಿಲಿಸೆಕೆಂಡು. ಅಮೆರಿಕದ ವರ್ಜೀನಿಯಾಕ್ಕೆ ಹೋಗಿಬರಲು, ತಂತಿ ಎಲ್ಲೂ ಬಳಸದೆ ನೇರವಾಗಿದ್ದರೂ, ನೂರಮೂವತ್ತಕ್ಕೂ ಹೆಚ್ಚು ಬೇಕು. ಒಂದು ಪುಟ ತೆರೆಯಲು ಹೀಗೆ ಹತ್ತಾರು ಸಲ ಹೋಗಿಬರಬೇಕು. ಅದರಿಂದ ಅಂಗಡಿಗಳು ಸೀರೆಯ ಚಿತ್ರ, ಸೆರಗಿನ ಹತ್ತಿರದ ನೋಟ, ಅಳತೆಯ ವಿವರ ಇಂಥವುಗಳ ಪ್ರತಿಗಳನ್ನು ಊರೂರಿನ ಯಂತ್ರಗಳಲ್ಲಿ ಮೊದಲೇ ಇಟ್ಟಿರುತ್ತವೆ. 1998ರಲ್ಲಿ ಅಕಮೈ ಎಂಬ ಅಮೆರಿಕನ್ ಕಂಪನಿ ಹುಟ್ಟಿಕೊಂಡದ್ದೇ ಈ ಕೆಲಸಕ್ಕೆ. ಚಿತ್ರ ನಿನ್ನೆಯದಾದರೆ ಏನೂ ನಷ್ಟವಿಲ್ಲ. ಸೀರೆಯ ಬಣ್ಣ ರಾತ್ರೋರಾತ್ರಿ ಬದಲಾಗುವುದಿಲ್ಲವಲ್ಲ.

ಚಿತ್ರ ದಾಟಿ ಒಳಗೆ ಬಂದ ಬೇಡಿಕೆಯನ್ನು ಎದುರುಗೊಳ್ಳುವುದು ಲೋಡ್ ಬ್ಯಾಲೆನ್ಸರ್. ಅದರ ಹಿಂದೆ ಒಂದೇ ಬಗೆಯ ನೂರಾರು ಯಂತ್ರ ನಿಂತಿರುತ್ತವೆ. ಯಾವುದು ಬಿಡುವಾಗಿದೆ, ಯಾವುದು ಉಸಿರಾಡುತ್ತಿದೆ ಎಂದು ಗಳಿಗೆಗೊಮ್ಮೆ ಕೇಳಿ ನೋಡಿಕೊಂಡು ಬೇಡಿಕೆಯನ್ನು ಹಂಚುವುದಷ್ಟೇ ಅದರ ಕೆಲಸ. ಆ ಯಂತ್ರವಾದರೂ ಉತ್ತರವನ್ನು ತಾನೊಂದೇ ಕಟ್ಟುವುದಿಲ್ಲ. ಹುಡುಕಾಟ ಒಂದು ಸೇವೆ, ದರ ಒಂದು, ರಿಯಾಯಿತಿ ಒಂದು, ಪಿನ್‌ಕೋಡಿಗೆ ಸಾಮಾನು ಮುಟ್ಟುತ್ತದೆಯೇ ಎಂಬ ಲೆಕ್ಕ ಒಂದು, ಗ್ರಾಹಕರ ಅಭಿಪ್ರಾಯ ಇನ್ನೊಂದು. ಅಮೆಜಾನ್‌ನ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಂದೇ ಒಂದು ಪುಟ ತೋರಿಸಲು ಅವರ ಅಂಗಡಿ 150ಕ್ಕೂ ಹೆಚ್ಚು ಸೇವೆಗಳನ್ನು ಮಾತಾಡಿಸುತ್ತಿತ್ತು. ಲೆಕ್ಕ ಹಾಕಿ ನೋಡಿ: ಪ್ರತಿ ಸೇವೆ ಸಾವಿರಕ್ಕೆ ಒಂದೇ ಸಲ ತಡ ಮಾಡಿದರೂ, 150 ಸೇವೆ ಸೇರಿದ ಪುಟ ನೂರಕ್ಕೆ ಸುಮಾರು ಹದಿನಾಲ್ಕು ಸಲ ತಡವಾಗುತ್ತದೆ. ಸರಾಸರಿ ವೇಗ ಚೆನ್ನಾಗಿದೆ ಎಂದು ಹೇಳಿಕೊಂಡು ಕೂತರೆ ಈ ಹದಿನಾಲ್ಕು ಜನ ಕಣ್ಣಿಗೆ ಬೀಳುವುದೇ ಇಲ್ಲ. ಆ ಪ್ರಬಂಧ ಸರಾಸರಿಯನ್ನು ಪಕ್ಕಕ್ಕಿಟ್ಟು, ಸಾವಿರದಲ್ಲಿ 999 ಬೇಡಿಕೆಗಳಿಗೆ ಹೇಳಿದ ಸಮಯದೊಳಗೆ ಉತ್ತರ ಸಿಗಬೇಕು ಎಂಬ ಅಳತೆ ಇಟ್ಟುಕೊಂಡಿತ್ತು. ನನಗೆ ಅದು ಬರೀ ಎಂಜಿನಿಯರಿಂಗ್ ಅಳತೆಯಾಗಿ ಕಾಣುವುದಿಲ್ಲ, ಕೊನೆಯವರನ್ನು ಲೆಕ್ಕಕ್ಕೆ ತಂದುಕೊಳ್ಳುವ ನೀತಿಯಾಗಿಯೂ ಕಾಣುತ್ತದೆ.

ಆ ಪ್ರಬಂಧದ ಹೆಸರು ಡೈನಮೋ. ಅದು ಬಿಡಿಸಿದ ಗಂಟು ಕೊಳ್ಳುವವರ ಬುಟ್ಟಿಯದು. ಬುಟ್ಟಿಯಲ್ಲಿ ಏನೇನಿದೆ ಎಂಬುದನ್ನು ಒಂದೇ ಯಂತ್ರದಲ್ಲಿ ಇಟ್ಟರೆ ಆ ಯಂತ್ರ ಕೆಟ್ಟ ದಿನ ಬುಟ್ಟಿಯೂ ಮಾಯ. ಅದಕ್ಕೆ ಮೂರು ಯಂತ್ರಗಳಲ್ಲಿ ಪ್ರತಿ ಇಡುತ್ತಾರೆ. ಯಾರ ಬುಟ್ಟಿ ಯಾವ ಮೂರರಲ್ಲಿ ಎಂಬುದನ್ನು ಗಣಿತ ಹೇಳುತ್ತದೆ. ಗ್ರಾಹಕರ ಗುರುತಿನ ಸಂಖ್ಯೆಯನ್ನು ಒಂದು ಸೂತ್ರಕ್ಕೆ ಹಾಕಿದರೆ ಇನ್ನೊಂದು ದೊಡ್ಡ ಸಂಖ್ಯೆ ಬರುತ್ತದೆ. ಯಂತ್ರಗಳಿಗೂ ಅದೇ ಸಾಲಿನ ಸಂಖ್ಯೆಗಳನ್ನು ಕೊಟ್ಟು ಒಂದು ಬಳೆಯ ಸುತ್ತ ಕೂರಿಸಿರುತ್ತಾರೆ. ನಿಮ್ಮ ಸಂಖ್ಯೆಯಿಂದ ಮುಂದಕ್ಕೆ ಮೊದಲು ಸಿಗುವ ಯಂತ್ರಗಳೇ ನಿಮ್ಮ ಬುಟ್ಟಿಯ ಕಾವಲು. ಇದರ ಲಾಭ ಹಬ್ಬದ ಮುಂಚೆ ತಿಳಿಯುತ್ತದೆ. ಹೊಸ ಯಂತ್ರ ಸೇರಿಸಿದರೆ ಅದರ ಪಕ್ಕದವರ ಪಾಲಿನ ಸ್ವಲ್ಪ ಬುಟ್ಟಿಗಳು ಮಾತ್ರ ಜಾಗ ಬದಲಿಸುತ್ತವೆ, ಉಳಿದವು ಕದಲುವುದಿಲ್ಲ. ನಂಟು ಕಡಿದು ಪ್ರತಿಗಳು ಒಂದಕ್ಕೊಂದು ಹೊಂದದೇ ಹೋದರೆ? ಬುಟ್ಟಿಗೆ ಸಾಮಾನು ಹಾಕುವುದನ್ನು ಎಂದೂ ಬೇಡವೆನ್ನಬಾರದು ಎಂದು ಅಮೆಜಾನ್‌ನವರು ನಿರ್ಧರಿಸಿದರು. ಎರಡು ಪ್ರತಿ ಬೇರೆಬೇರೆಯಾದರೆ ಆಮೇಲೆ ಎರಡನ್ನೂ ಕೂಡಿಸುವುದು. ಹಾಗೆ ಕೂಡಿಸುವಾಗ, ತೆಗೆದುಹಾಕಿದ್ದ ಸಾಮಾನು ಅಪರೂಪಕ್ಕೆ ಮತ್ತೆ ಬುಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು. ಆದರೂ ಸರಿ, ಗ್ರಾಹಕರು ನೋಡಿ ತೆಗೆಯುತ್ತಾರೆ. ಅವರು ಅಳೆದ ಒಂದು ದಿನದಲ್ಲಿ ಶೇ 99.94ರಷ್ಟು ಸಲ ಬುಟ್ಟಿ ಒಂದೇ ರೂಪದಲ್ಲಿತ್ತು.

ಬುಟ್ಟಿಗೆ ಸರಿಹೋದ ಈ ಉದಾರತನ ಗೋದಾಮಿಗೆ ಸರಿಹೋಗದು. ಇಳಕಲ್ ಸೀರೆ ಒಂದೇ ಉಳಿದಿದೆ. ಮಟಮಾರಿಯಿಂದ ಒಬ್ಬಳು, ಮಂಗಳೂರಿನಿಂದ ಇನ್ನೊಬ್ಬಳು ಒಂದೇ ಗಳಿಗೆಯಲ್ಲಿ ‘ಕೊಂಡುಕೊಳ್ಳಿ’ ಒತ್ತುತ್ತಾರೆ. ಇಬ್ಬರ ಬೇಡಿಕೆಯೂ ಬೇರೆಬೇರೆ ಯಂತ್ರಕ್ಕೆ ಹೋಗುತ್ತದೆ, ಎರಡು ಯಂತ್ರದ ಪ್ರತಿಯಲ್ಲೂ ‘1’ ಎಂದೇ ಇದೆ. ಇಬ್ಬರಿಗೂ ಹೂಂ ಅಂದರೆ ಒಬ್ಬಳ ಆರ್ಡರ್ ನಾಳೆ ರದ್ದಾಗುತ್ತದೆ. ಇಬ್ಬರನ್ನೂ ಕಾಯಿಸಿ ಎರಡು ಯಂತ್ರಗಳೂ ಮಾತಾಡಿಕೊಳ್ಳಲಿ ಎಂದರೆ, ಆ ಹೊತ್ತಿಗೇ ನಡುವಿನ ತಂತಿ ಕಡಿದಿದ್ದರೆ ಇಬ್ಬರೂ ಕಾಯುತ್ತಲೇ ಇರಬೇಕು. ತಂತಿ ಕಡಿದಾಗ ಎಲ್ಲರಿಗೂ ಉತ್ತರ ಕೊಡುವುದು ಮತ್ತು ಎಲ್ಲರಿಗೂ ಒಂದೇ ನಿಜವನ್ನು ಹೇಳುವುದು ಎರಡೂ ಕೂಡಿ ಸಾಧ್ಯವಿಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಮುಂದಿಟ್ಟರು. ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ 2002ರಲ್ಲಿ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ದುಡ್ಡು ಸುರಿದು ಈ ಮಿತಿ ದಾಟಲಾಗುವುದಿಲ್ಲ.

ಅದಕ್ಕೇ ಒಳ್ಳೆಯ ಅಂಗಡಿಗಳು ಸ್ಟಾಕಿನ ಲೆಕ್ಕವನ್ನು ಎರಡು ಮಾಡಿಕೊಳ್ಳುತ್ತವೆ. ಹುಡುಕಾಟದ ಪುಟದಲ್ಲಿ ಕಾಣುವ ‘ಲಭ್ಯವಿದೆ’ ಎಂಬುದು ಕೆಲವು ಸೆಕೆಂಡು ಹಳೆಯ ಪ್ರತಿ. ಸಾವಿರಾರು ಜನ ಸುಮ್ಮನೆ ನೋಡಿ ಹೋಗುವ ಪುಟ ಅದು, ಅಲ್ಲಿ ಅಷ್ಟು ಹಳತು ಸಲ್ಲುತ್ತದೆ. ‘ಕೊಂಡುಕೊಳ್ಳಿ’ ಒತ್ತಿದಾಗ ಮಾತ್ರ ಆ ಸೀರೆಯ ಲೆಕ್ಕಕ್ಕೆ ಒಡೆಯನಾದ ಒಂದೇ ಯಂತ್ರವನ್ನು ಕೇಳಬೇಕು. ಆ ಯಂತ್ರ ಬೇಡಿಕೆಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿ, ಮೊದಲು ಬಂದವರ ಹೆಸರಿಗೆ ಸೀರೆಯನ್ನು ಕೆಲವು ನಿಮಿಷ ಕಾದಿರಿಸಿ, ಎರಡನೆಯವರಿಗೆ ಇಲ್ಲವೆನ್ನುತ್ತದೆ. ಆ ನಿಮಿಷಗಳೊಳಗೆ ದುಡ್ಡು ಬರದಿದ್ದರೆ ಸೀರೆ ಮತ್ತೆ ಎಲ್ಲರಿಗೂ ಬಿಡುಗಡೆ. ಇಡೀ ಅಂಗಡಿಗೆ ಒಡೆಯ ಯಂತ್ರ ಒಂದೇ ಇರಬೇಕಿಲ್ಲ. ಈ ಸೀರೆಗೊಂದು, ಆ ಪಂಪ್‌ಸೆಟ್ಟಿಗೊಂದು, ಹೀಗೆ ಒಡೆತನವನ್ನೂ ಸರಕುವಾರು ಇಲ್ಲವೇ ಗೋದಾಮುವಾರು ಹಂಚುತ್ತಾರೆ. ಒಂದು ಸರಕಿಗೆ ಒಂದು ಗಳಿಗೆಯಲ್ಲಿ ಒಬ್ಬನೇ ಒಡೆಯ ಎಂಬ ಕಟ್ಟುಪಾಡು ಮುರಿಯಬಾರದು, ಅಷ್ಟೇ. ಒಡೆಯ ಯಂತ್ರ ಸತ್ತರೆ ಪ್ರತಿಗಳು ಸೇರಿ ಬಹುಮತದಿಂದ ಹೊಸ ಒಡೆಯನನ್ನು ಆರಿಸುತ್ತವೆ. ಪ್ರತಿಗಳನ್ನು ಮೂರು, ಐದು ಎಂದು ಬೆಸ ಸಂಖ್ಯೆಯಲ್ಲಿ ಇಡುವುದು ಅದಕ್ಕೇ.

ಜನರ ನುಗ್ಗಾಟವನ್ನು ಯಂತ್ರಗಳಿಗೆ ಮಾತ್ರ ಹಂಚಬೇಕೆಂದಿಲ್ಲ, ಹೊತ್ತಿಗೂ ಹಂಚಬಹುದು. 2015ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಮಾರಾಟವನ್ನು ಅಕ್ಟೋಬರ್ 13ರಿಂದ 17ರವರೆಗೆ ಐದು ದಿನಕ್ಕೆ ಹರಡಿ, ದಿನಕ್ಕೊಂದು ಬಗೆಯ ಸರಕಿಗೆ ಒತ್ತು ಕೊಟ್ಟಿತು. ಅದೇ ವರ್ಷದ ಜೂನ್ 15ರಿಂದ ರೈಲ್ವೆ ತತ್ಕಾಲ್ ಟಿಕೆಟನ್ನು ಎಸಿ ದರ್ಜೆಗೆ ಹತ್ತು ಗಂಟೆಗೆ, ಸ್ಲೀಪರ್ ದರ್ಜೆಗೆ ಹನ್ನೊಂದಕ್ಕೆ ಎಂದು ಬೇರ್ಪಡಿಸಿತು. ಅದಕ್ಕೂ ಹಿಂದಿನ ವರ್ಷ ಐಆರ್‌ಸಿಟಿಸಿಯ ಹೊಸ ವ್ಯವಸ್ಥೆ ನಿಮಿಷಕ್ಕೆ 2000 ಇದ್ದ ಟಿಕೆಟ್ ಸಾಮರ್ಥ್ಯವನ್ನು 7200ಕ್ಕೆ ಏರಿಸಿತ್ತು. ಅಷ್ಟೆಲ್ಲ ಯಂತ್ರ ಹಾಕಿದ ಮೇಲೂ ಹೊತ್ತನ್ನು ಒಡೆಯಬೇಕಾಗಿ ಬಂತು. ರಾಯಚೂರಿನಿಂದ ಬೆಂಗಳೂರಿಗೆ ದುಡಿಯಲು ಹೋಗಿಬರುವ ಕುಟುಂಬಗಳಿಗೆ ತತ್ಕಾಲಿನ ಆ ಒಂದು ಗಂಟೆಯ ಅಂತರದ ಬೆಲೆ ಗೊತ್ತಿದೆ. ಬರ್ತ್ ಎಂಬುದು ಕೊನೆಯ ಸೀರೆಯಂತೆಯೇ ಇಬ್ಬರಿಗೆ ಮಾರಲಾಗದ ಸರಕು.

ಸೀರೆ ಸಿಕ್ಕಿತು, ಈಗ ದುಡ್ಡು. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕಡೆಯ ಮೊಬೈಲ್ ಅಂಗಡಿಗಳ ಮುಂದೆ ಹೆಚ್ಚು ಕೇಳಿಬರುವ ದೂರು ಇದೇ: “ಅಣ್ಣಾ, ರೊಕ್ಕ ಕಟ್ ಆಗ್ಯಾವ, ಆರ್ಡರ್ ಮಾತ್ರ ಆಗಿಲ್ ನೋಡ್ರಿ.” ಯುಪಿಐನಲ್ಲಿ ದುಡ್ಡು ಕೊಡುವಾಗ ಕೊಂಡವರ ಬ್ಯಾಂಕು, ಅಂಗಡಿಯ ಬ್ಯಾಂಕು, ನಡುವೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಜೊತೆಗೆ ಎರಡು ಕಡೆಯ ಆ್ಯಪ್ ಇಷ್ಟೂ ಸೇರಿಕೊಳ್ಳುತ್ತವೆ. ಒಂದೊಂದೂ ಬೇರೆ ಸಂಸ್ಥೆಯ ಬೇರೆ ಸರ್ವರ್. ಬ್ಯಾಂಕು ಹಣ ತೆಗೆದದ್ದು ನಿಜವಾಗಿರುತ್ತದೆ, ತೆಗೆದೆ ಎಂಬ ಸುದ್ದಿ ಅಂಗಡಿಗೆ ಮುಟ್ಟುವ ದಾರಿಯಲ್ಲಿ ಕಳೆದುಹೋಗಿರುತ್ತದೆ. ಉತ್ತರ ಬರದಿದ್ದರೆ ಕೆಲಸ ಆಗಿಲ್ಲ ಎಂದೂ ಅರ್ಥವಲ್ಲ, ಆಗಿದೆ ಎಂದೂ ಅರ್ಥವಲ್ಲ. ಅನೇಕ ಯಂತ್ರಗಳಿಗೆ ಹಂಚಿದ ವ್ಯವಸ್ಥೆಯ ಅತಿ ಕಠಿಣ ಪಾಠ ಇದು.

ಆಗ ಮಟಮಾರಿಯ ಹೆಣ್ಣುಮಗಳು ಏನು ಮಾಡುತ್ತಾಳೆ? ಇನ್ನೊಮ್ಮೆ ಒತ್ತುತ್ತಾಳೆ. ಯಾರಾದರೂ ಅದನ್ನೇ ಮಾಡುತ್ತಾರೆ. ಆ ಎರಡನೆಯ ಒತ್ತಿಗೆ ಎರಡನೆಯ ಸಲ ಹಣ ಹೋಗದಂತೆ ನೋಡಿಕೊಳ್ಳುವ ಹೊಣೆ ಪ್ರೋಗ್ರಾಂ ಬರೆದವರದು. ಆರ್ಡರ್ ಶುರುವಾದಾಗಲೇ ಬೇರಾವ ಆರ್ಡರಿಗೂ ಇಲ್ಲದ ಒಂದು ಸಂಖ್ಯೆಯನ್ನು ಅದಕ್ಕೆ ಕೊಟ್ಟು, ಪ್ರತಿ ಒತ್ತಿನ ಜೊತೆಗೂ ಅದೇ ಸಂಖ್ಯೆ ಹೋಗುವಂತೆ ಮಾಡಬೇಕು. ಸರ್ವರ್ ಆ ಸಂಖ್ಯೆಯನ್ನು ಮೊದಲೇ ಕಂಡಿದ್ದರೆ ಹಳೆಯ ಉತ್ತರವನ್ನೇ ಮತ್ತೆ ಹೇಳಬೇಕು, ಹೊಸದಾಗಿ ಹಣ ತೆಗೆಯಬಾರದು. ಹತ್ತು ಸಲ ಒತ್ತಿದರೂ ಒಂದೇ ಸೀರೆ, ಒಂದೇ ಬಿಲ್ಲು. ಇಷ್ಟಾದ ಮೇಲೂ ಹಣ ನಡುದಾರಿಯಲ್ಲಿ ನಿಂತರೆ, ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ನಿಯಮ ಮಾಡಿದೆ. ಯುಪಿಐ ಮೂಲಕ ವ್ಯಾಪಾರಿಗೆ ಕೊಟ್ಟ ಹಣ ಖಾತೆಯಿಂದ ಕಡಿತವಾಗಿ, ವ್ಯಾಪಾರಿಗೆ ಖಚಿತ ಸುದ್ದಿ ಮುಟ್ಟದಿದ್ದರೆ, ವಹಿವಾಟಿನ ದಿನದಿಂದ ಐದು ದಿನದೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ದೂರು ಕೊಡದವರಿಗೂ ಈ ಪರಿಹಾರ ಸಲ್ಲತಕ್ಕದ್ದು. ಈ ನಿಯಮವನ್ನು ಮೊಬೈಲ್ ಅಂಗಡಿಗಳ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಚ್ಚಬೇಕೆಂದು ನನ್ನ ಆಸೆ. ಆ್ಯಪ್‌ಗಳ ಮೇಲೂ ನನ್ನದೊಂದು ಬೇಡಿಕೆ ಇದೆ. ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ತೋರಿಸುವ ಬದಲು, ‘ನಿಮ್ಮ ಹಣ ಹೊರಟಿದೆ, ನಮಗಿನ್ನೂ ಸುದ್ದಿ ಬಂದಿಲ್ಲ, ಮತ್ತೆ ಒತ್ತಬೇಡಿ’ ಎಂದು ನೇರವಾಗಿ ಹೇಳಲಿ. ನಿಜ ಗೊತ್ತಿಲ್ಲದಾಗ ಗೊತ್ತಿಲ್ಲವೆಂದು ಹೇಳುವುದೂ ಒಳ್ಳೆಯ ವಿನ್ಯಾಸದ ಭಾಗವೇ.

ಹಂಚಿದ್ದು ಹೇಗೆ ಕುಸಿಯುತ್ತದೆ ಎಂಬುದಕ್ಕೆ ರಾಯಚೂರು ಜಿಲ್ಲೆಯವರು ದೂರ ಹೋಗಬೇಕಿಲ್ಲ. 2012ರ ಜುಲೈ 30ರಂದು ದೇಶದ ಉತ್ತರದ ವಿದ್ಯುತ್ ಜಾಲ ಬಿತ್ತು, 31ರಂದು ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಒಂದನ್ನೊಂದು ಎಳೆದುಕೊಂಡು ಬಿದ್ದವು. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ದಕ್ಷಿಣ ಭಾರತಕ್ಕೆ ಅದು ತಟ್ಟಲಿಲ್ಲ, ಏಕೆಂದರೆ ನಮ್ಮ ಜಾಲ ಆಗ ಉಳಿದವುಗಳ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ, ನೇರ ವಿದ್ಯುತ್ತಿನ ಕೊಂಡಿಗಳಿಂದ ಮಾತ್ರ ಕೂಡಿತ್ತು. ಮುಂದೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಜಾಲ ರಾಷ್ಟ್ರೀಯ ಜಾಲವನ್ನು ಸೇರಿತು. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ತುಂಬುವ ಭಾಗ್ಯ ಬಂತು, ಜೊತೆಗೆ ಒಂದು ಕಡೆಯ ಕುಸಿತ ಇನ್ನೊಂದು ಕಡೆಗೆ ಹಬ್ಬುವ ದಾರಿಯೂ ತೆರೆಯಿತು. ಆ ದಾರಿಯನ್ನು ಕಾಯಲು ರಿಲೇಗಳಿವೆ, ಬ್ರೇಕರುಗಳಿವೆ.

ಸರ್ವರ್‌ಗಳ ಜಾಲದಲ್ಲೂ ಅಂಥದೇ ಸಾಧನಕ್ಕೆ ಸರ್ಕ್ಯೂಟ್ ಬ್ರೇಕರ್ ಎಂದೇ ಹೆಸರು. ಅಭಿಪ್ರಾಯ ತೋರಿಸುವ ಸೇವೆ ನಿಧಾನವಾಯಿತು ಅನ್ನಿ. ಅದನ್ನು ಕಾಯುತ್ತ ಪುಟ ಕಟ್ಟುವ ಯಂತ್ರಗಳೆಲ್ಲ ಕೈಕಟ್ಟಿ ನಿಲ್ಲುತ್ತವೆ. ಪುಟ ಬರಲಿಲ್ಲವೆಂದು ಜನ ಮತ್ತೆ ಮತ್ತೆ ಒತ್ತುತ್ತಾರೆ, ಬೇಡಿಕೆ ದುಪ್ಪಟ್ಟಾಗುತ್ತದೆ, ಇನ್ನೂ ನೆಟ್ಟಗಿದ್ದ ಸೇವೆಗಳೂ ಮುಗ್ಗರಿಸುತ್ತವೆ. ಬ್ರೇಕರ್ ಇದ್ದರೆ ನಿಧಾನವಾದ ಸೇವೆಯನ್ನು ಕೆಲಹೊತ್ತು ಕೇಳುವುದನ್ನೇ ಬಿಟ್ಟು, ಅಭಿಪ್ರಾಯಗಳಿಲ್ಲದ ಪುಟವನ್ನು ತೋರಿಸಿ ಮಾರಾಟ ನಡೆಸಬಹುದು. ಮತ್ತೆ ಪ್ರಯತ್ನಿಸುವ ಆ್ಯಪ್ ಕೂಡ ಪ್ರತಿ ಸಲ ಇನ್ನಷ್ಟು ಹೊತ್ತು ಕಾದು, ಎಲ್ಲರೂ ಒಂದೇ ಕ್ಷಣಕ್ಕೆ ನುಗ್ಗದಂತೆ ಸ್ವಲ್ಪ ಹಿಂದುಮುಂದಾಗಿ ಕೇಳಬೇಕು.

ಎಷ್ಟೇ ಹಂಚಿದರೂ ಎಲ್ಲೋ ಒಂದು ಒಂಟಿ ಗಂಟು ಉಳಿದುಬಿಡುತ್ತದೆ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್‌ನ ಉತ್ತರ ವರ್ಜೀನಿಯಾ ವಲಯದಲ್ಲಿ ಹಾಗೇ ಆಯಿತು. ಡೈನಮೋ ಪ್ರಬಂಧದ ವಂಶದಲ್ಲೇ ಬಂದ ಡೈನಮೋಡಿಬಿ ಎಂಬ ದತ್ತಸಂಗ್ರಹ ಸೇವೆಯ ಡಿಎನ್‌ಎಸ್ ವಿಳಾಸಗಳನ್ನು ತಾನಾಗಿ ತಿದ್ದುವ ಎರಡು ಪ್ರೋಗ್ರಾಂಗಳು ಒಂದರ ಕಾಲಿಗೊಂದು ಅಡ್ಡಬಂದು, ಕೊನೆಗೆ ವಿಳಾಸದ ದಾಖಲೆಯೇ ಖಾಲಿಯಾಯಿತು. ಯಂತ್ರಗಳು ನೆಟ್ಟಗಿದ್ದವು, ದತ್ತಾಂಶವೂ ನೆಟ್ಟಗಿತ್ತು, ಅಲ್ಲಿಗೆ ಹೋಗುವ ವಿಳಾಸ ಮಾತ್ರ ಯಾರಿಗೂ ಸಿಗಲಿಲ್ಲ. ಜಗತ್ತಿನ ಎಷ್ಟೋ ಆ್ಯಪ್‌ಗಳು ಗಂಟೆಗಟ್ಟಲೆ ನಿಂತವು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದೇ ಕಂಪನಿಯ ಯಂತ್ರಗಳ ಹಂಚಿಕೆ. ಸರ್ವರ್ ಸಾವಿರವಿದ್ದರೂ ಅಂಗಡಿಯ ಒಡೆಯ ಒಬ್ಬನೇ. ಅಂಗಡಿಯನ್ನೇ ಹಲವು ಒಡೆಯರಿಗೆ ಹಂಚುವ ಪ್ರಯೋಗ ಭಾರತದಲ್ಲಿ ಶುರುವಾದದ್ದು ಓಎನ್‌ಡಿಸಿಯಿಂದ. ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಮುಂದಾಳತ್ವದಲ್ಲಿ, ಲಾಭಕ್ಕಾಗಿ ಅಲ್ಲದ ಕಂಪನಿಯಾಗಿ 2021ರ ಡಿಸೆಂಬರ್ 31ರಂದು ಅದು ನೋಂದಣಿಯಾಯಿತು. ಸಾರ್ವಜನಿಕರಿಗೆ ಪರೀಕ್ಷಾರ್ಥವಾಗಿ ತೆರೆದದ್ದು 2022ರ ಸೆಪ್ಟೆಂಬರ್ 30ರಂದು, ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ. ಅದರ ಕೆಳಗಿರುವ ಮಾತಿನ ಕಟ್ಟಳೆ, ಅಂದರೆ ಪ್ರೋಟೊಕಾಲ್, ‘ಬೆಕ್ಕನ್’. ನಂದನ್ ನಿಲೇಕಣಿ, ಪ್ರಮೋದ್ ವರ್ಮಾ, ಸುಜಿತ್ ನಾಯರ್ ಅದರ ಹಿಂದಿರುವ ಹೆಸರುಗಳು. ಬೆಂಗಳೂರಿನ ಆಟೊ ಚಾಲಕರ ‘ನಮ್ಮ ಯಾತ್ರಿ’ ಆ್ಯಪ್ ಓಡುವುದೂ ಇದೇ ಕಟ್ಟಳೆಯ ಮೇಲೆ.

ಅದು ನಡೆಯುವ ಬಗೆ ಹೀಗಿದೆ. ಕೊಳ್ಳುವವರ ಆ್ಯಪ್ ಒಂದು ಕಂಪನಿಯದು, ಮಾರುವವರ ಆ್ಯಪ್ ಇನ್ನೊಂದರದು, ಸಾಮಾನು ಮುಟ್ಟಿಸುವವರು ಮತ್ತೊಬ್ಬರು. ಕೊಳ್ಳುವವರು ಹುಡುಕಿದ್ದನ್ನು ಅವರ ಆ್ಯಪ್ ನಡುವಿನ ಗೇಟ್‌ವೇಗೆ ಕೊಡುತ್ತದೆ. ಗೇಟ್‌ವೇ ಅದನ್ನು ಆ ಊರಿನ, ಆ ಬಗೆಯ ಸರಕಿನ ಮಾರಾಟದ ಆ್ಯಪ್‌ಗಳಿಗೆಲ್ಲ ಸಾರುತ್ತದೆ. ಊರನ್ನು ಗುರುತಿಸಲು ಬಳಸುವುದು ಹಳೆಯ ಎಸ್‌ಟಿಡಿ ಕೋಡ್: ಬೆಂಗಳೂರಿಗೆ 080, ರಾಯಚೂರಿಗೆ 08532. ಲ್ಯಾಂಡ್‌ಲೈನ್ ಮನೆಯಿಂದ ಹೋದ ಮೇಲೂ ಅದರ ಸಂಖ್ಯೆ ಹೀಗೆ ಉಳಿದುಕೊಂಡಿದೆ. ಮಾರಾಟದ ಆ್ಯಪ್‌ಗಳು ತಮಗೆ ಬಿಡುವಾದಾಗ ಒಂದೊಂದಾಗಿ ಉತ್ತರ ಕಳಿಸುತ್ತವೆ, ಎಲ್ಲರ ಉತ್ತರ ಬರಲಿ ಎಂದು ಯಾರೂ ಕಾಯುವುದಿಲ್ಲ. ಗ್ರಾಹಕರು ಒಂದನ್ನು ಆರಿಸಿದ ಮೇಲೆ ಗೇಟ್‌ವೇಯ ಕೆಲಸ ಮುಗಿಯಿತು, ಮುಂದೆ ಎರಡು ಆ್ಯಪ್‌ಗಳ ನಡುವೆ ನೇರ ಮಾತು. ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ. ಸಹಿ ನಿಜವೇ ಎಂದು ನೋಡಲು ಸದಸ್ಯರೆಲ್ಲರ ಸಾರ್ವಜನಿಕ ಕೀಲಿಗಳ ಪಟ್ಟಿಯೊಂದಿದೆ.

ಇದು ಮಾನ್ವಿಯ ಕಿರಾಣಿ ಅಂಗಡಿಗೆ, ದೇವದುರ್ಗದ ಹೆಣ್ಣುಮಕ್ಕಳ ಸಂಘಕ್ಕೆ ಏಕೆ ಬೇಕು? ಯಾವ ಕಂಪನಿಯ ಪುಟದಲ್ಲೂ ಮೊದಲ ಸಾಲಿಗೆ ಬರಲು ದುಡ್ಡು ಸುರಿಯಲಾರದವರೂ ಹುಡುಕಾಟಕ್ಕೆ ಸಿಗುವಂತಾಗಲಿ ಎಂಬುದು ಇದರ ಆಶಯ. ಆ ಆಶಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೊನೆಯ ಸೀರೆಯ ಪ್ರಶ್ನೆ ಇಲ್ಲಿ ಇನ್ನೂ ಬಿಗಿಯಾಗುತ್ತದೆ. ಮಾನ್ವಿಯ ಅಂಗಡಿಯಲ್ಲಿ ಐದು ಕಿಲೋ ಸೋನಾ ಮಸೂರಿ ಅಕ್ಕಿಯ ಚೀಲ ಒಂದೇ ಉಳಿದಿದೆ. ಅದನ್ನು ಅಂಗಡಿಯವರು ಎದುರು ನಿಂತ ಗಿರಾಕಿಗೆ ಮಾರಿದರು, ಫೋನಿನಲ್ಲಿ ಬರೆಯಲಿಲ್ಲ. ಗಲ್ಲಾದ ಲೆಕ್ಕವೇ ನಿಜ, ಫೋನಿನದು ಹಳತು. ಆ ಹಳೆಯ ಲೆಕ್ಕವನ್ನೇ ಮಾರಾಟದ ಆ್ಯಪ್ ಜಾಲಕ್ಕೆಲ್ಲ ಹೇಳಿಬಿಟ್ಟಿದೆ. ದೊಡ್ಡ ಕಂಪನಿಯ ಗೋದಾಮಿನಲ್ಲಿ ಬಾರ್‌ಕೋಡ್ ಓದದೆ ಯಾವ ಸಾಮಾನೂ ಕದಲುವುದಿಲ್ಲ. ಸಣ್ಣ ಅಂಗಡಿಯಲ್ಲಿ ಸಾಮಾನು ಮಾತಿನ ಮೇಲೆ, ಉದ್ರಿಯ ಮೇಲೆ ಕದಲುತ್ತದೆ. ಜಾಲಕ್ಕೆ ಸೇರಿಸುವ ಮುನ್ನ ಆ ಗಲ್ಲಾದ ಲೆಕ್ಕವನ್ನು ಸುಲಭವಾಗಿ, ಕನ್ನಡದಲ್ಲಿ, ಒಂದೇ ಒತ್ತಿನಲ್ಲಿ ತಿದ್ದುವ ಸಾಧನ ಕೊಡದಿದ್ದರೆ, ಆರ್ಡರ್ ರದ್ದಾದ ಕೆಟ್ಟ ಹೆಸರು ಅಂಗಡಿಯವರಿಗೇ ಅಂಟುತ್ತದೆ. ಜಗಳ ಬಂದಾಗ ಯಾರನ್ನು ಕೇಳಬೇಕು ಎಂಬುದಕ್ಕೆ ಓಎನ್‌ಡಿಸಿಯ ಕಟ್ಟಳೆಯಲ್ಲಿ ದೂರು ನಿರ್ವಹಣೆಯ ಸಂದೇಶಗಳೂ ಇವೆ. ಕೊಂಡ ಆ್ಯಪ್‌ನಲ್ಲೇ ಕೊಟ್ಟ ದೂರು ಮಾರಿದವರವರೆಗೆ ಹೋಗಬೇಕು. ಹೊಣೆ ಮೂವರಿಗೆ ಹಂಚಿಹೋದರೂ ಗ್ರಾಹಕರಿಗೆ ಉತ್ತರ ಕೊಡುವವರು ಒಬ್ಬರೇ ಇರಬೇಕು. ಸ್ಟಾಕಿಗೆ ಒಬ್ಬನೇ ಒಡೆಯ ಎಂಬ ಕಟ್ಟುಪಾಡು ಇಲ್ಲಿ ಮನುಷ್ಯರಿಗೂ ಅನ್ವಯಿಸುತ್ತದೆ.

ಸಾಮಾನು ಮುಟ್ಟುವ ದಾರಿಯ ಬಗ್ಗೆ ಒಂದು ಮಾತು. ‘ಈ ಪಿನ್‌ಕೋಡ್‌ಗೆ ಡೆಲಿವರಿ ಇಲ್ಲ’ ಎಂಬ ಉತ್ತರವೂ ಒಂದು ಸರ್ವರ್‌ನ ಪಟ್ಟಿಯಿಂದಲೇ ಬರುತ್ತದೆ. ಪಿನ್ ಸಂಖ್ಯೆ 1972ರ ಆಗಸ್ಟ್ 15ರಂದು ಜಾರಿಗೆ ಬಂದಾಗ ಅದರ ಗುರಿ ಟಪಾಲು ಎಲ್ಲ ಊರಿಗೂ ತಪ್ಪದೆ ಮುಟ್ಟಲಿ ಎಂಬುದಾಗಿತ್ತು. ರಾಯಚೂರು ಜಿಲ್ಲೆಯ 584ರಿಂದ ಶುರುವಾಗುವ ಒಂದೊಂದು ಪಿನ್ನಿನ ಕೆಳಗೆ ಹಲವು ಹಳ್ಳಿಗಳಿವೆ. ಖಾಸಗಿ ಅಂಗಡಿಗಳ ಪಟ್ಟಿಯಲ್ಲಿ ಒಂದು ಪಿನ್ ಬಿಟ್ಟುಹೋದರೆ ಅಷ್ಟೂ ಹಳ್ಳಿಗಳು ಒಟ್ಟಿಗೆ ಬಿಟ್ಟುಹೋಗುತ್ತವೆ. ಹಳ್ಳಿವಾರು ಲೆಕ್ಕ ಇಟ್ಟುಕೊಳ್ಳುವುದು ಇಂದಿನ ಯಂತ್ರಗಳಿಗೆ ಯಾವ ಹೊರೆಯೂ ಅಲ್ಲ.

ರಾಯಚೂರಿನ ರೈತರು ಆನ್‌ಲೈನ್ ವ್ಯಾಪಾರದಲ್ಲಿ ಕೊಳ್ಳುವವರಾಗಿ ಮಾತ್ರ ಇಲ್ಲ. ಓಎನ್‌ಡಿಸಿಗಿಂತ ಎಷ್ಟೋ ಮುಂಚೆ, 2014ರಲ್ಲೇ, ಕರ್ನಾಟಕ ಸರ್ಕಾರ ಸರಕು ವಿನಿಮಯ ಕೇಂದ್ರ ನಡೆಸುವ ಎನ್‌ಸಿಡಿಇಎಕ್ಸ್ ಸಮೂಹದ ಜೊತೆ ಸಮಪಾಲಿನಲ್ಲಿ ರಾಷ್ಟ್ರೀಯ ಇ–ಮಾರ್ಕೆಟ್ ಸರ್ವೀಸಸ್ ಎಂಬ ಕಂಪನಿ ಕಟ್ಟಿ, ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ತರಲು ಹೊರಟಿತ್ತು. ಕೇಂದ್ರ ಸರ್ಕಾರದ ಅಂಥದೇ ವೇದಿಕೆ ಇ–ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ರಾಯಚೂರಿನ ರಾಜೇಂದ್ರ ಗಂಜ್‌ಗೆ ಹತ್ತಿ, ಭತ್ತ, ತೊಗರಿ ತಂದ ರೈತನ ಮಾಲಿಗೆ ಒಂದು ಲಾಟ್ ಸಂಖ್ಯೆ ಬೀಳುತ್ತದೆ. ಖರೀದಿದಾರರು ತಮ್ಮ ತಮ್ಮ ಪರದೆಯ ಮೇಲೆ, ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ, ದರ ಬರೆಯುತ್ತಾರೆ. ಹೊತ್ತು ಮುಗಿದ ಮೇಲೆ ಹೆಚ್ಚಿನ ದರ ಗೆಲ್ಲುತ್ತದೆ.

ಈ ಟೆಂಡರಿನಲ್ಲಿ ಹಳತಾಗಬಾರದ್ದು ಸ್ಟಾಕಲ್ಲ, ಗಡಿಯಾರ. ದರ ಬರೆಯುವ ಯಂತ್ರಗಳು ಎಷ್ಟು ಬೇಕಾದರೂ ಇರಲಿ, ರಾಜ್ಯದ ಯಾವ ಊರಿನಿಂದಲಾದರೂ ದರ ಬರಲಿ. ಹೊತ್ತು ಮುಗಿಯಿತು ಎಂದು ಹೇಳುವ ಗಡಿಯಾರ ಮಾತ್ರ ಒಂದೇ ಇರಬೇಕು, ಅದರ ಮುಂಚೆ ಬಂದ ದರ ಯಾವುದು, ಆಮೇಲೆ ಬಂದದ್ದು ಯಾವುದು ಎಂಬುದರಲ್ಲಿ ಎರಡು ಮಾತಿರಬಾರದು. ಸರ್ವರ್ ನಿಧಾನವಾದ ದಿನ ಫಲಿತಾಂಶ ತಡವಾಗುತ್ತದೆ. ತೂಕ ತಡವಾಗುತ್ತದೆ. ಬಾಡಿಗೆ ಟ್ರ್ಯಾಕ್ಟರ್ ಇನ್ನೊಂದು ರಾತ್ರಿ ನಿಲ್ಲುತ್ತದೆ, ಅದರ ಬಾಡಿಗೆ ರೈತನ ತಲೆಯ ಮೇಲೆ. ಸೀರೆಯ ಪುಟ ಐದು ನಿಮಿಷ ತೆರೆಯದಿದ್ದರೆ ಆಗುವ ನಷ್ಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹಬ್ಬದ ಮಾರಾಟಕ್ಕೆ ಕಂಪನಿಗಳು ಹೂಡುವ ಹೆಚ್ಚುವರಿ ಸರ್ವರ್, ಬದಲಿ ಡೇಟಾ ಸೆಂಟರ್, ತಿಂಗಳುಗಟ್ಟಲೆ ಮುಂಚಿನ ಪರೀಕ್ಷೆಗಳೆಲ್ಲ ಹತ್ತಿ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲಿ ಗಂಜಿನ ಟೆಂಡರಿಗೂ ಸಲ್ಲಬೇಕು. ದರ ತಿಳಿದ ಮೇಲೆ ಒಪ್ಪುವುದು ಬಿಡುವುದು ರೈತನ ಹಕ್ಕು. ಒಪ್ಪಿದರೆ ತೂಕಕ್ಕೆ ಹೋಗುತ್ತದೆ, ಒಪ್ಪದಿದ್ದರೆ ಆ ಲಾಟ್ ಮರುದಿನದ ಟೆಂಡರಿಗೆ ಉಳಿಯುತ್ತದೆ.